ಹಿಂದಿನ ಸೀಟಿನ ಯಜಮಾನಮ್ಮ

ನಮ್ಮ ಹಳೆಯ ಬಾಡಿಗೆ ಮನೆಯ ಯಜಮಾನಮ್ಮ ಹೋದರಂತೆ. ಕ್ಷೌರಕ್ಕೆಂದು ಯಡಿಯೂರಿನ ಕಡೆ ಹೋಗಿದ್ದ ನಮ್ಮವರು ಸುದ್ದಿ ತಂದರು. ಸ್ನಾನ ಮಾಡಿ ಬಂದು ಕೂತ ಮೇಲೂ ಅವರು ಬಹಳ ಹೊತ್ತು ಪೇಪರು ತೆಗೆಯಲಿಲ್ಲ. ಆಮೇಲೆ, “ಆ ಗಾಡಿಗೆ ಫೋರ್ಕು ಕೂರಿಸಿದ ದಿನ ನಾನೂ ಕೈ ಹಾಕಿದ್ದೆ ಕಣೆ” ಎಂದರು.

ಮೋಟಾರ್ ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಅಡ್ಡಡ್ಡಲಾಗಿ ಕೂತು, ಸೆರಗನ್ನು ತಲೆಗೆ ಬಿಗಿದು ಕಟ್ಟಿ, ಒಂದು ಕೈಯಿಂದ ಮಗನ ಸೊಂಟ ಹಿಡಿದು, ಎಲ್ಲಿಗೋ ತೀರ್ಪು ಹೇಳಲು ಹೊರಟವರಂತೆ ಮುಂದೆ ನೋಡುತ್ತಿದ್ದ ಆ ಮುಖ ನನ್ನ ಕಣ್ಣ ಮುಂದೆ ಬಂದಿತ್ತು. ಇಡೀ ಬೀದಿ ಅದನ್ನು ನೋಡಿ ನಕ್ಕಿತ್ತು. ನಗದೇ ಇದ್ದವರು ಪ್ರಾಯಶಃ ನಾವು ಮೂರು ನಾಲ್ಕು ಜನ.

ಅರವತ್ತರ ದಶಕದ ನಡುವಿನ ಮಾತು. ಜಯನಗರ ಇನ್ನೂ ಪೂರ್ತಿ ಜಯನಗರ ಆಗಿರಲಿಲ್ಲ. ಒಂದು ಸಾಲು ಮನೆ, ಆಮೇಲೆ ಕಲ್ಲು ನೆಟ್ಟ ಖಾಲಿ ಸೈಟುಗಳು, ಅದರಾಚೆ ರಾಗಿ ಹೊಲ. ಆ ಅಂಚಿನಲ್ಲಿ, ಯಡಿಯೂರು ಕೆರೆಯ ಹತ್ತಿರ, ಅವರದು ಹೆಂಚಿನ ದೊಡ್ಡ ಮನೆ. ಅದರ ಒಂದು ಪಾಲನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದರು. ನಾನು ಹತ್ತಿರದ ಪ್ರೈಮರಿ ಶಾಲೆಯಲ್ಲಿ ಟೀಚರು. ನಮ್ಮವರು ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಲೇತ್ ಕೆಲಸ ಮಾಡುತ್ತಿದ್ದರು.

ಯಜಮಾನಮ್ಮ ಎತ್ತರದ ಹೆಂಗಸು, ಮೈಯಲ್ಲಿ ಮೂಳೆಯೇ ಹೆಚ್ಚು. ಮುಂಗೈ ತುಂಬ ಹಸಿರು ಹಚ್ಚೆ, ಸೊಂಟದಲ್ಲಿ ಎಲೆಅಡಿಕೆ ಚೀಲ, ಒಂದು ಕೆನ್ನೆ ಯಾವಾಗಲೂ ಉಬ್ಬಿರುತ್ತಿತ್ತು. ಗಂಡ ಜ್ವರದಲ್ಲಿ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಹೊಲಗಳೆಲ್ಲ ಬಡಾವಣೆಗೆ ಹೋಗಿದ್ದವು. ಆದರೂ ಸಂಜೆ ಹೊತ್ತು ಅವರು ಹೊಸ ಬೀದಿಗಳಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದರು. ಯಾರದೋ ಬಣ್ಣದ ಗೇಟಿನ ಮುಂದೆ ನಿಂತು, “ಇದು ನಮ್ಮ ಅವರೆ ಹೊಲ ಕಣವ್ವ, ಸೊಗಡು ಅಂದ್ರೆ ಇಲ್ಲೀದು” ಎನ್ನುತ್ತಿದ್ದರು. ಕೊರಗಿ ಹೇಳಿದ ಮಾತಲ್ಲ. ಒಮ್ಮೆ ನೋಡಿಕೊಂಡು ಬಂದರೆ ಅವರಿಗೆ ಸಮಾಧಾನ, ಅಷ್ಟೆ.

ಯಾವುದರ ಬಗ್ಗೆ ಭಯವೋ ಅದರ ಪಕ್ಕದಲ್ಲಿ ಹೋಗಿ ಕೂತುಬಿಡುವುದು ಅವರ ಸ್ವಭಾವವಾಗಿತ್ತು. ನಮ್ಮ ಮಗುವಿಗೆ ವಿಷಮಶೀತ ಜ್ವರ ಬಂದಾಗ ಅವರು ಚಾಪೆ ತಂದು ಹಾಸಿ, ಮಗುವಿನ ಪಾದ ಹಿಡಿದು ಕೂತರು. ಔಷಧ ನಮ್ಮದು, ಡಾಕ್ಟರನ್ನು ಕರೆಸಿದ್ದು ನಾವು, ಅವರದು ಬರೀ ಕೂರುವ ಕೆಲಸ. “ನೀವು ಹೋಗಿ ಮಲಗಿ ಅಮ್ಮ” ಎಂದರೆ, “ನಾನು ಎದ್ದೋದ್ರೆ ಅದ್ಕೆ ಸಲಿಗೆ ಆಯ್ತದೆ” ಎಂದರು. ಅದಕ್ಕೆ ಅಂದರೆ ಜ್ವರಕ್ಕೆ. ಹಿತ್ತಿಲ ಬಾವಿಯ ಹೂಳು ತೆಗೆಸುವಾಗಲೂ ಅಷ್ಟೆ. ಕೆಳಗಿಳಿದ ಆಳುಗಳು ಮೇಲೆ ಬರುವ ತನಕ ಬಾವಿಕಟ್ಟೆ ಬಿಟ್ಟು ಏಳಲಿಲ್ಲ, ಊಟವನ್ನೂ ಅಲ್ಲಿಗೇ ತರಿಸಿಕೊಂಡರು.

ಒಬ್ಬನೇ ಮಗ. ಇಪ್ಪತ್ತೈದರ ಆಸುಪಾಸು. ನಗುಮುಖ, ಅಗಲ ಭುಜ, ಉಗುರಿನ ಸಂದಿಯಲ್ಲಿ ಸದಾ ಗ್ರೀಸು. ಒಂದು ಕಾರ್ಖಾನೆಯಲ್ಲಿ ಫಿಟ್ಟರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಹರಾಜಿಗೆ ಹಾಕಿದ್ದ ಅಮೆರಿಕದ ದೊಡ್ಡ ಮೋಟಾರ್ ಸೈಕಲ್ಲೊಂದು ಕೈಯಿಂದ ಕೈಗೆ ದಾಟಿ ಅವನ ಹತ್ತಿರ ಬಂದು ಸೇರಿತ್ತು. ಅಗಲವಾದ ಸೀಟು, ಪಾದ ಪೂರ್ತಿ ಊರಲು ಹಲಗೆಯಂಥ ಜಾಗ, ಎಮ್ಮೆ ಕೊಂಬಿನ ಹಾಗೆ ಹಿಂದಕ್ಕೆ ಬಾಗಿದ ಹ್ಯಾಂಡಲ್ಲು. ಒರಗುಕುರ್ಚಿಯಲ್ಲಿ ಕೂತಂತೆ ಕೂತು ಓಡಿಸುವ ಗಾಡಿ. ಹಿಂದಿನ ಮಡ್‌ಗಾರ್ಡಿನ ಮೇಲೆ ಅವನೇ ಇನ್ನೊಂದು ಸೀಟು ಕೂರಿಸಿದ್ದ. ಗಾಡಿಯ ಮೇಲೆ ಯಜಮಾನಮ್ಮನಿಗೆ ದ್ವೇಷವೇನೂ ಇರಲಿಲ್ಲ. ತಂದ ದಿನ ಅವರೇ ಕುಂಕುಮ ಇಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇರಿಸಿದ್ದರಂತೆ.

ತೊಂದರೆ ಶುರುವಾಗಿದ್ದು ಮುಂದಿನ ಫೋರ್ಕಿನಿಂದ. ಮುಂದಿನ ಚಕ್ರವನ್ನು ಎರಡೂ ಕಡೆಯಿಂದ ಹಿಡಿದು ಹ್ಯಾಂಡಲ್ಲಿಗೆ ಸೇರಿಸುವ ಆ ಜೋಡಿ ಕಾಲುಗಳ ಸ್ಪ್ರಿಂಗು ಒಂದು ದಿನ ಮುರಿಯಿತು. ಅದರ ಬಿಡಿಭಾಗ ಈ ದೇಶದಲ್ಲೇ ಸಿಗುವಂತಿರಲಿಲ್ಲ. ಅಷ್ಟರಲ್ಲಿ ಅವನು ಯಾವುದೋ ವಿದೇಶಿ ಪತ್ರಿಕೆಯಲ್ಲಿ ಒಂದು ಚಿತ್ರ ನೋಡಿದ್ದ. ಮುಂದಿನ ಚಕ್ರ ಬಲು ಮುಂದೆ, ಮೂತಿ ಮೇಲೆತ್ತಿದ ಗಾಡಿ. ಅದನ್ನು ಹರಿದು ತಂದು ನಮ್ಮವರಿಗೆ ತೋರಿಸಿದ. “ನೋಡಿ ಸಾರ್, ಸಖತ್ತಾಗಿಲ್ವಾ? ಮಹಾರಾಜ ಕೂತಂಗೆ ಕೂರಬೌದು.”

ಅಂಥದೇ ಉದ್ದನೆಯ ಫೋರ್ಕೊಂದನ್ನು ಕಂಟೋನ್ಮೆಂಟಿನ ಒಬ್ಬಾತ ತನಗೆಂದು ಹೇಳಿ ಮಾಡಿಸಿಕೊಂಡಿದ್ದನಂತೆ, ಈಗ ಬೇಡವೆಂದು ಬಿಚ್ಚಿ ಇಟ್ಟಿದ್ದಾನಂತೆ. ಒಂದು ಭಾನುವಾರ ನಮ್ಮವರನ್ನೂ ಕರೆದುಕೊಂಡು ಹೋಗಿ ತಂದೇಬಿಟ್ಟ. ಗೋಣಿಯಲ್ಲಿ ಸುತ್ತಿದ್ದ ಅದನ್ನು ಅಂಗಳದಲ್ಲಿ ಬಿಚ್ಚಿದಾಗ ನಾನು ಅಕ್ಕಿ ಆರಿಸುತ್ತಾ ಕೂತಿದ್ದೆ. ಬೇರೆ ಗಾಡಿಯ ಫೋರ್ಕಿನ ಕೊಳವೆಗಳನ್ನು ಕತ್ತರಿಸಿ, ನಡುವೆ ತುಂಡು ಸೇರಿಸಿ ಬೆಸುಗೆ ಹಾಕಿ, ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಬಣ್ಣ ಹೊಳೆಯುತ್ತಿತ್ತು. ಯಜಮಾನಮ್ಮ ಜಗುಲಿಯಿಂದ ಇಳಿದು ಬಂದು ಸುತ್ತ ಒಂದು ಸಲ ನಡೆದು ನೋಡಿದರು.

“ಇದೇನ್ಲಾ?”

“ಗಾಡಿಗೆ ಹೊಸ ಫೋರ್ಕಮ್ಮ.”

“ಮುಂಗಾಲು ಬದಲಾಯಿಸ್ತೀಯಾ?”

“ಹೂಂ, ಹಂಗೇ ಅಂದ್ಕೋ.”

“ಚೆನ್ನಾಗದಲ್ಲ. ಅವನ್ಯಾಕೆ ಬಿಚ್ದ?”

ಮಗ ನಕ್ಕ. “ಬೇಜಾರಾಯ್ತಂತೆ.”

“ಹೇಳಿ ಮಾಡಿಸ್ಕಂಡೋನಿಗೇ ಬೇಜಾರಾಯ್ತದಾ?” ಎಂದು ಅವರು ನಮ್ಮವರ ಮುಖ ನೋಡಿದರು. ನಮ್ಮವರು ಬಗ್ಗಿ ಗೋಣಿ ಮಡಚತೊಡಗಿದರು.

ಆ ವಾರವಿಡೀ ಅವರ ಬಾಯಲ್ಲಿ ಅದೊಂದೇ ಪ್ರಶ್ನೆ. ಸೊಪ್ಪು ಬಿಡಿಸುವಾಗ, ನೀರು ಸೇದುವಾಗ, ನಾನು ಶಾಲೆಗೆ ಹೊರಟಾಗ: “ಅಲ್ಲ ಟೀಚರಮ್ಮ, ಅವನ್ಯಾಕೆ ಬಿಚ್ದ?” ಮೊದಲು ನನಗೆ ನಗು ಬಂತು. ಕೇಳಿ ಕೇಳಿ ಆಮೇಲೆ ಪಾಠ ಮಾಡುವಾಗಲೂ ಆ ಮಾತು ಕಿವಿಯಲ್ಲಿ ಕೂತಿರುತ್ತಿತ್ತು.

ಕೊನೆಗೆ ಶನಿವಾರ, ನಾನು ಅರ್ಧ ದಿನದ ಶಾಲೆ ಮುಗಿಸಿ ಬಂದಾಗ ಅವರು ಒಗೆದ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದರು. “ನಡಿಯವ್ವ, ಕಂಟೋನ್‌ಮೆಂಟ್‌ಗೆ ಹೋಗಿ ಬರಾನ. ಯಾವ ಬೀದಿ ಅಂತ ನಿಮ್ಮನೆಯವ್ರನ್ನ ಕೇಳ್ಕಂಡಿವ್ನಿ.” ಬಸ್ಸು ಹತ್ತಿ, ಮಾರ್ಕೆಟ್ಟಿನಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಹೋದೆವು. ದಾರಿಯುದ್ದಕ್ಕೂ ಅವರು ಕಿಟಕಿಯಿಂದ ಹೊರಗೆ ನೋಡಲೇ ಇಲ್ಲ.

ಅಲ್ಲಿ ನಾನು ಏನನ್ನು ಕಾಣುತ್ತೇನೆಂದು ಹೆದರಿದ್ದೆನೋ ಹೇಳಲಾರೆ. ಕಾಲಿಲ್ಲದವನು, ಹಾಸಿಗೆ ಹಿಡಿದವನು, ಇಲ್ಲವೆ ಹೂವಿನ ಹಾರ ಹಾಕಿದ ಪಟ. ಆದರೆ ಬಾಗಿಲು ತೆರೆದವನು ನೆಟ್ಟಗಿದ್ದ ಮನುಷ್ಯ. ಮೈಮೇಲೆ ಒಂದು ತರಚು ಗಾಯದ ಗುರುತೂ ಇಲ್ಲ. ಕುರ್ಚಿ ಹಾಕಿದ, ಕಾಫಿ ತರಿಸಿದ. ತಮಿಳು ಬೆರೆಸಿದ ಕನ್ನಡದಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ.

“ಒಂದೇ ಒಂದು ಸಲ ಆಯ್ತಮ್ಮ. ಹೊಸೂರು ರಸ್ತೆ. ಒಳ್ಳೇ ರೋಡು. ಗಾಳಿ ಇಲ್ಲ, ಗುಂಡಿ ಇಲ್ಲ. ಸುಮ್ನೆ ಹೋಗ್ತಾ ಇದ್ದೆ. ಹ್ಯಾಂಡಲ್ಲು ತಾನೇ ಅಲ್ಲಾಡೋಕೆ ಶುರು ಮಾಡ್ತು. ನೀರಲ್ಲಿ ನೆನೆದ ನಾಯಿ ಮೈ ಕೊಡವತ್ತಲ್ಲ, ಹಂಗೆ. ಗಟ್ಟಿ ಹಿಡಿದೆ, ನಿಲ್ಲಲಿಲ್ಲ. ಆಮೇಲೆ ತಾನೇ ನಿಂತ್ಬಿಡ್ತು.”

“ನಿಂತ್ಕಂತಲ್ಲಪ್ಪ ಮತ್ತೆ?” ಎಂದರು ಯಜಮಾನಮ್ಮ.

“ಅದೇ ಅಮ್ಮ. ನಿಲ್ಲೋದಕ್ಕೆ ನಾನೇನೂ ಮಾಡಲಿಲ್ಲ. ಅದಕ್ಕೇ ಭಯ ಆಯ್ತು. ಮನೆಗೆ ಬಂದು ಬಿಚ್ಚಿಟ್ಟೆ.”

ಯಜಮಾನಮ್ಮ ಕಾಫಿ ಲೋಟ ಕೆಳಗಿಟ್ಟರು. “ನನ್ ಮಗಂಗೆ ಹೇಳಿದ್ಯಾ?”

“ಹೇಳಿದೆ. ನಕ್ಕರು. ನಿಮ್ಮ ತೋಳಲ್ಲಿ ಬಲ ಇಲ್ಲ ಅಂದರು.”

ವಾಪಸು ಬರುವಾಗ ಬಸ್ಸಿನಲ್ಲಿ ನಾನೇ ಮಾತು ತೆಗೆದೆ. “ಮನೆಗೆ ಹೋಗಿ ಗಟ್ಟಿಯಾಗಿ ಹೇಳಿ ಅಮ್ಮ. ಕೂರಿಸೋದು ಬೇಡ ಅನ್ನಿ.” ಅವರು ತಲೆಯಾಡಿಸಿದರು. “ಅವ್ನಿಗೆ ಗೊತ್ತಿದ್ದೇ ತಂದವ್ನೆ ಕಣವ್ವ. ಗೊತ್ತಿಲ್ಲದೋನಿಗೆ ಹೇಳಬೌದು.”

ಮರುದಿನ ಅಂಗಳದಲ್ಲಿ ಕೆಲಸ ಶುರುವಾಯಿತು. ಇಂಜಿನ್ನಿನ ಕೆಳಗೆ ಕಲ್ಲು, ಕಲ್ಲಿನ ಮೇಲೆ ಮರದ ದಿಮ್ಮಿ ಕೊಟ್ಟು ಗಾಡಿಯ ಮುಂಭಾಗವನ್ನು ಎತ್ತಿ ನಿಲ್ಲಿಸಿದರು. ಚಕ್ರ ಬಿಚ್ಚಿದರು. ಹ್ಯಾಂಡಲ್ಲು ಬಿಚ್ಚಿದರು. ಹಳೆಯ ಫೋರ್ಕನ್ನು ಕೆಳಗೆ ಎಳೆದಾಗ ಅದು ಕೂರುವ ಗಾಡಿಯ ಕುತ್ತಿಗೆಯೊಳಗಿದ್ದ ಉಕ್ಕಿನ ಗುಂಡುಗಳು ಕಲ್ಲಿನ ಮೇಲೆ ಚೆಲ್ಲಿ ಉರುಳಿದವು. ನಮ್ಮವರು ಒಂದೊಂದನ್ನೇ ಹೆಕ್ಕಿ ಸೀಮೆಎಣ್ಣೆಯಲ್ಲಿ ತೊಳೆದರು. ಹೊಸ ಫೋರ್ಕಿನ ಮೇಲಿನ ದಂಡ ಗಾಡಿಯ ಕುತ್ತಿಗೆಗಿಂತ ಸಣ್ಣದಾಗಿತ್ತು. ನಡುವಿನ ಸಂದು ತುಂಬಲು ಉಂಗುರದಂಥ ಎರಡು ಬುಷ್‌ಗಳನ್ನು ನಮ್ಮವರು ಮೊದಲೇ ಲೇತಿನಲ್ಲಿ ತಿರುವಿ ತಂದಿದ್ದರು. ಬೆಸುಗೆಯ ಜಾಗವನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ತಲೆ ವಾರೆ ಮಾಡಿ ಕೇಳಿದರು. “ಮೇಲ್ನೋಟಕ್ಕೆ ಸರಿ ಇದೆ. ಒಳಗೆ ಹೇಗಿದೆಯೋ ಬಣ್ಣ ತೆಗೆದು ನೋಡಬೇಕು.”

“ಬಣ್ಣ ಹಾಳಾಗುತ್ತೆ ಬಿಡಿ ಸಾರ್” ಎಂದ ಮಗ.

ಯಜಮಾನಮ್ಮ ಆ ಇಡೀ ದಿನ ಗಾಡಿಯಿಂದ ಒಂದು ಮಾರು ದೂರದಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಸಂಜೆಗೆ ಗಾಡಿ ತನ್ನ ಚಕ್ರದ ಮೇಲೆ ನಿಂತಿತು. ಮೂತಿ ಮೇಲೆದ್ದಿತ್ತು, ಮುಂದಿನ ಚಕ್ರ ಬೇರೆ ಯಾವುದೋ ಗಾಡಿಯದೆನ್ನುವಷ್ಟು ದೂರದಲ್ಲಿತ್ತು. ಮಗ ದೀಪ ಹಚ್ಚಿ ನೋಡಿದ. ಬೆಳಕು ರಸ್ತೆಗೆ ಬೀಳದೆ ಎದುರಿನ ತೆಂಗಿನ ಗರಿಗಳ ಮೇಲೆ ಬಿತ್ತು. ಅಲ್ಲಿ ಕೂತಿದ್ದ ಕಾಗೆಗಳು ಒಟ್ಟಿಗೆ ಎದ್ದು ಕಿರುಚಿದವು. ಮಗ ನಗುತ್ತಾ ದೀಪವನ್ನು ಬಗ್ಗಿಸಿದ. ಆಗ ಬೇರೆ ಯಾರೂ ನಗಲಿಲ್ಲ.

“ನಿಂಬೆಹಣ್ಣು ಕೊಡಮ್ಮ, ಪೂಜೆ ಮಾಡಾನ.”

“ಕೊಡಾಕಿಲ್ಲ.”

“ಯಾಕೆ?”

“ಪೂಜೆ ಮಾಡಿದ್ರೆ ಒಪ್ಪಿದಂಗೆ ಆಯ್ತದೆ. ನಾನು ಒಪ್ಪಿಲ್ಲ.”

ಅವನು ಮುಖ ಊದಿಸಿಕೊಂಡು ಗಾಡಿ ಸ್ಟಾರ್ಟ್ ಮಾಡಿದ. ಹಿಂದಿನ ಚಕ್ರದ ಬಳಿ ಏನೋ ಭಾರವಾದಂತಾಗಿ ತಿರುಗಿ ನೋಡಿದರೆ ತಾಯಿ ಹಿಂದಿನ ಸೀಟಿನಲ್ಲಿ ಕೂತಿದ್ದಾರೆ. ಅಲ್ಲಿಯವರೆಗೆ ಒಂದು ದಿನವೂ ಆ ಗಾಡಿ ಹತ್ತಿದವರಲ್ಲ.

“ಇಳಿಯಮ್ಮ. ಟ್ರಯಲ್ ನೋಡ್ಬೇಕು.”

“ನೋಡು. ನಾನೂ ನೋಡ್ತೀನಿ.”

ಅವತ್ತಿನಿಂದ ಶುರುವಾದದ್ದು ತಿಂಗಳುಗಟ್ಟಲೆ ನಡೆಯಿತು. ಅವನು ಕಿಕ್ ಹೊಡೆದ ಸದ್ದು ಕೇಳಿದರೆ ಸಾಕು, ಅವರು ಒಳಗಿಂದ ಸೆರಗು ಬಿಗಿಯುತ್ತಾ ಬರುತ್ತಿದ್ದರು. ಎಲ್ಲಿಲ್ಲದ ಕೆಲಸಗಳು ಅವರಿಗೆ ಹುಟ್ಟಿಕೊಂಡವು. ಬನಶಂಕರಿ ಗುಡಿಗೆ ಹೋಗಬೇಕು, ಕೋಣನಕುಂಟೆಯ ನಾದಿನಿಯನ್ನು ನೋಡಬೇಕು, ಗಾಂಧಿ ಬಜಾರಿನಲ್ಲಿ ಎಲೆ ಚೆನ್ನಾಗಿರುತ್ತದೆ. ಕಾರ್ಖಾನೆಗೆ ಅವನು ಕಾರ್ಖಾನೆಯ ಬಸ್ಸಿನಲ್ಲೇ ಹೋಗುತ್ತಿದ್ದದ್ದರಿಂದ ಗಾಡಿ ಹೊರಬರುತ್ತಿದ್ದದ್ದು ಸಂಜೆ ಮತ್ತು ರಜಾ ದಿನ. ಆ ಹೊತ್ತನ್ನು ಅವರು ಪೂರ್ತಿ ಕಾದುಕೊಂಡರು. ಅವರ ಬಲಗೈ ಅವನ ಸೊಂಟದ ಮೇಲಿರುತ್ತಿತ್ತು. ಗಾಡಿಯ ವೇಗ ಅವರಿಗೆ ಹಿಡಿಸದಿದ್ದರೆ ಹೆಬ್ಬೆರಳಿನಿಂದ ಅವನ ಪಕ್ಕೆಯನ್ನು ಒತ್ತುತ್ತಿದ್ದರು. ಅಷ್ಟಕ್ಕೂ ಬಗ್ಗದಿದ್ದರೆ ಚಿವುಟುತ್ತಿದ್ದರು. ಆ ಭಾರಿ ಗಾಡಿ ಎತ್ತಿನ ಗಾಡಿಯ ಹಿಂದೆ ಎತ್ತಿನ ಗಾಡಿಯ ವೇಗದಲ್ಲೇ ಹೋಗುವುದನ್ನು ನಾನೇ ನೋಡಿದ್ದೇನೆ.

ಬೀದಿಗೆ ಅದು ಬಿಟ್ಟಿ ತಮಾಷೆಯಾಯಿತು. ಅವನ ಗೆಳೆಯರು, “ಮಗಾ, ಅಮ್ಮನ ಪರ್ಮಿಷನ್ ಸಿಕ್ತಾ?” ಎಂದು ಕೂಗುತ್ತಿದ್ದರು. ಒಮ್ಮೆ ಅವರೆಲ್ಲ ಸೇರಿ ಮೈಸೂರಿಗೆ ಹೋಗುವುದೆಂದು ನಿಶ್ಚಯವಾಗಿ, ಬೆಳಿಗ್ಗೆ ನಮ್ಮ ಗೇಟಿನ ಮುಂದೆ ಮೋಟಾರ್ ಸೈಕಲ್ಲುಗಳು ಬಂದು ನಿಂತವು. ಯಜಮಾನಮ್ಮ ರಾಗಿ ರೊಟ್ಟಿಯ ಗಂಟು ಕೈಯಲ್ಲಿ ಹಿಡಿದು ಬಂದು ಹಿಂದಿನ ಸೀಟಿನಲ್ಲಿ ಕೂತರು. ಹುಡುಗರು ಬಿದ್ದು ಬಿದ್ದು ನಕ್ಕರು. ಮಗ ಗಾಡಿ ಆರಿಸಿ, ಕೀಲಿಕೈಯನ್ನು ಅಂಗಳಕ್ಕೆ ಎಸೆದು, ಒಳಗೆ ನಡೆದುಬಿಟ್ಟ. ಗೆಳೆಯರು ಅವನಿಲ್ಲದೆ ಹೊರಟರು.

ಗೋಡೆಯಾಚೆಯಿಂದ ನಮಗೆ ಎಲ್ಲ ಕೇಳುತ್ತಿತ್ತು.

“ನನ್ ಮಾನ ತೆಗೀತಿದೀಯ ನೀನು! ಊರೆಲ್ಲ ಆಡ್ಕೊಳ್ತಾರೆ!”

“ಆಡ್ಕಳ್ಳಿ.”

“ಎಷ್ಟು ದಿನ ಹಿಂಗೆ ಕೂರ್ತೀಯಮ್ಮ?”

“ಆ ಮುಂಗಾಲು ಇರೋಗಂಟ.”

“ನನ್ ಮಾನ?”

“ನಿನ್ ಮಾನ ನಾಳೆ ವಾಪಸ್ ಬತ್ತದೆ ಮಗಾ.”

ಅವನು ಕೆಟ್ಟವನಲ್ಲ. ಕೈ ಹಿಡಿದು ತಾಯಿಯನ್ನು ಇಳಿಸಿ ಹೋಗಿಬಿಡುವಷ್ಟು ಗಟ್ಟಿಗನೂ ಅಲ್ಲ. ಅವರು ಅವನ ಆ ಮೆದುತನವನ್ನೇ ನೆಚ್ಚಿಕೊಂಡು ಆ ಸೀಟಿನಲ್ಲಿ ಕೂತಿದ್ದರೆಂದು ನನಗೀಗ ಅನಿಸುತ್ತದೆ.

ಅಷ್ಟು ದಿನದಲ್ಲಿ ಆ ಫೋರ್ಕು ಏನೂ ಮಾಡಲಿಲ್ಲ. ಅದೇ ಹೆಚ್ಚು ಕಷ್ಟವಾಗಿತ್ತು. ನಮ್ಮವರಂತೂ, “ಸುಮ್ಮನೆ ಹೆದರಿದ್ವಿ, ಚೆನ್ನಾಗೇ ಇದೆ” ಎನ್ನತೊಡಗಿದ್ದರು. ಒಂದು ಸಂಜೆ ತಾಯಿ ಮಗ ಇಬ್ಬರೂ ಗುಡಿಯಿಂದ ವಾಪಸು ಬಂದು ಇಳಿದಾಗ ಮಾತ್ರ ಏನೋ ಬೇರೆಯಾಗಿತ್ತು. ಮಗ ಗಾಡಿ ನಿಲ್ಲಿಸಿ, ಮುಖ ತೊಳೆಯಲು ಹೋಗಿ, ಬಹಳ ಹೊತ್ತು ಬಚ್ಚಲಿನಲ್ಲೇ ಇದ್ದ. ಯಜಮಾನಮ್ಮ ನಮ್ಮ ಬಾಗಿಲಲ್ಲಿ ಕೂತು ನೀರು ಕೇಳಿದರು.

“ಇವತ್ತು ಕೊಡವ್ತು ಕಣವ್ವ.”

ನನಗೆ ಕೂಡಲೆ ಅರ್ಥವಾಯಿತು. ಕಂಟೋನ್ಮೆಂಟಿನವನು ಹೇಳಿದ ನಾಯಿ ನೆನಪಾಯಿತು.

“ನನಗೆ ಮುಂದೆ ಕಾಣಾಕಿಲ್ಲ. ಅವ್ನ ಬೆನ್ನು ಕಲ್ಲಾಯ್ತು. ಅದ್ರಲ್ಲೇ ತಿಳೀತು.”

“ಅವನೇನಂದ?”

“ಏನೂ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ರೆ ಇಲ್ಲ ಅಂದ್‌ಬಿಡ್ತಾನೆ. ಸುಳ್ಳು ಹೇಳಿದ್‌ಮೇಲೆ ಅದನ್ನೇ ಸಾಧಿಸ್ತಾನೆ.”

ನಾನು ಅವತ್ತು ನಮ್ಮವರಿಗೆ ಹೇಳಿದೆ, ನಮ್ಮವರು ಅವನಿಗೆ ಹೇಳಿದರು. “ಈ ತಿಂಗಳು ಕಳೀಲಿ ಸಾರ್, ಬಿಚ್ಚಿ ನೋಡಾಣ” ಎಂದನಂತೆ. ಅವನ ಮುಖದಲ್ಲಿ ಮೊದಲಿನ ನಗು ಇರಲಿಲ್ಲವಂತೆ. ಆದರೂ ಸಂಜೆಯಾದರೆ ಗಾಡಿ ತೆಗೆಯುವುದನ್ನು ಬಿಡಲಿಲ್ಲ. ತನ್ನ ಭಯವನ್ನು ತಾಯಿಗೆ ತೋರಿಸಲು ಅವನಿಗೆ ನಾಚಿಕೆಯಾಗಿತ್ತು. ಹೀಗೆ ಇಬ್ಬರಿಗೂ ಗೊತ್ತಿದ್ದು, ಇಬ್ಬರೂ ಬಾಯಿಬಿಡದೆ, ಒಬ್ಬರ ಹಿಂದೆ ಒಬ್ಬರು ಕೂತು ದಿನಾ ಹೋಗಿ ಬರುತ್ತಿದ್ದರು. ನಾನು ಕಾಪಿ ತಿದ್ದುತ್ತಾ ಕೂತಿದ್ದರೂ ಕಿವಿ ರಸ್ತೆಯ ಕಡೆಗಿರುತ್ತಿತ್ತು. ದೂರದಲ್ಲಿ ಆ ಗುಡುಗುಡು ಸದ್ದು ಕೇಳಿದ ಮೇಲೆ ಮುಂದಿನ ಕಾಪಿ ತೆಗೆಯುತ್ತಿದ್ದೆ.

ಫೋರ್ಕು ಮುರಿದದ್ದು ಕನಕಪುರ ರಸ್ತೆಯಲ್ಲಿ. ಕೋಣನಕುಂಟೆಯಲ್ಲಿ ನಾದಿನಿಯ ಮನೆಯ ಊಟ ಮುಗಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ವಾಪಸು ಬರುತ್ತಿದ್ದರು. ರಸ್ತೆ ಖಾಲಿ. ಮುಂದೆ ಸಾರಕ್ಕಿ ಕೆರೆಯ ಕಡೆಗೆ ಇಳಿಜಾರು, ಕೆಳಗಿನಿಂದ ಕಲ್ಲು ತುಂಬಿದ ಲಾರಿಯೊಂದು ಏರುತ್ತಿತ್ತು. ಊಟವಾದದ್ದಕ್ಕೋ ಏನೋ ಮಗ ಸ್ವಲ್ಪ ಜೋರಾಗೇ ಬಿಟ್ಟಿದ್ದನಂತೆ. ಇಳಿಜಾರಿಗೆ ಇನ್ನಷ್ಟು ದೂರವಿರುವಾಗ ತಾಯಿ ಪಕ್ಕೆ ಒತ್ತಿದರು. ಅವನು ಕೇಳಲಿಲ್ಲ. ಬಲವಾಗಿ ಚಿವುಟಿದರು. ಬೈದುಕೊಳ್ಳುತ್ತಾ ಅವನು ಗಾಡಿಯನ್ನು ರಸ್ತೆಯ ಅಂಚಿಗೆ ತಂದು ನಡಿಗೆಯ ವೇಗಕ್ಕೆ ಇಳಿಸಿದ. ಆ ಗಳಿಗೆಯಲ್ಲಿ ಫೋರ್ಕಿನ ಎಡಗಡೆಯ ಕಾಲು ಬೆಸುಗೆಯಲ್ಲಿ ಕಿತ್ತು ಬಂತು. ಹಿಂದೆಯೇ ಬಲಗಡೆಯದು ಮಡಚಿತು. ಮುಂದಿನ ಚಕ್ರ ಗಾಡಿಯನ್ನು ಬಿಟ್ಟು ತಾನೊಂದೇ ಉರುಳುತ್ತಾ ಇಳಿಜಾರಿಗೆ ಹೋಗಿ, ಲಾರಿಯ ಕೆಳಗೆ ಸಿಕ್ಕಿತು. ಲಾರಿ ನಿಂತಾಗ ಅದು ಚಕ್ರವಾಗಿ ಉಳಿದಿರಲಿಲ್ಲ.

ಮಗನಿಗೆ ಮೊಣಕೈ, ಗಲ್ಲ ತರಚಿತ್ತು. ತಾಯಿಯ ತೊಡೆ ಗಾಡಿಯ ಕೆಳಗೆ ಸಿಕ್ಕಿ ಮೂಳೆ ಮುರಿದಿತ್ತು. ಆ ಲಾರಿಯವರೇ ಅವರನ್ನು ಮೇಲಕ್ಕೆ ಎತ್ತಿ ಆಸ್ಪತ್ರೆಗೆ ತಂದು ಬಿಟ್ಟರು.

ನಾವು ಹೋದಾಗ ಮಂಚದ ಸುತ್ತ ನಾದಿನಿ, ನೆರೆಹೊರೆಯವರು ಸೇರಿದ್ದರು. ಬನಶಂಕರಿಯೇ ಬೆರಳು ಹಿಡಿದು ಚಿವುಟಿಸಿದಳೆಂದು ನಾದಿನಿ ಕಣ್ಣೊರೆಸಿಕೊಳ್ಳುತ್ತಿದ್ದರು. ಯಜಮಾನಮ್ಮ ನೋವಿನಿಂದ ತುಟಿ ಕಚ್ಚಿಕೊಂಡಿದ್ದವರು ಅದನ್ನು ಕೇಳಿ ತಲೆ ಎತ್ತಿದರು. “ಯಾವ ದೇವ್ರೂ ಇಲ್ಲ ಸುಮ್ಕಿರು. ಎಲೆಅಡಿಕೆ ಉಗೀಬೇಕಿತ್ತು. ಗಾಳಿಗೆ ಉಗಿದ್ರೆ ಸೀರೆಗೆ ಬೀಳ್ತದೆ ಅಂತ ನಿಧಾನ ಮಾಡಿಸ್ದೆ.”

ನಂಬಿಕೆಗಿಂತ ಆ ಸತ್ಯವೇ ನನ್ನನ್ನು ಹೆಚ್ಚು ನಡುಗಿಸಿತು. ಅಷ್ಟು ತಿಂಗಳು ಎಚ್ಚರದಿಂದ ಕಾದವರನ್ನು, ಅವರ ಮಗನನ್ನು, ಕೊನೆಗೆ ಉಳಿಸಿದ್ದು ಬಾಯಿತುಂಬ ಎಂಜಲು. ಅವರು ಆ ಸೀಟಿನಲ್ಲಿ ಇರದಿದ್ದರೆ ಆ ಎಂಜಲೂ ಇರುತ್ತಿರಲಿಲ್ಲ, ಅದೂ ನಿಜ.

ಎಲ್ಲರೂ ಹೋದ ಮೇಲೆ ಮಗ ತಾಯಿಯ ಪಾದದ ಬಳಿ ಕೂತು ಚಿಕ್ಕ ಮಗುವಿನಂತೆ ಅತ್ತ. “ಮಾರ್‌ಬಿಡ್ತೀನಮ್ಮ. ಎಲ್ಲಾ ಮಾರ್‌ಬಿಡ್ತೀನಿ. ಆ ಫೋರ್ಕನ್ನ ಇವತ್ತೇ ಗುಜರಿಗೆ ಹಾಕ್ತೀನಿ.”

“ಬೇಡ.”

“ಮತ್ತೆ?”

“ಗುಜರಿಯೋನು ಇನ್ನೊಬ್ಬನಿಗೆ ಕೊಡ್ತಾನೆ. ಅವ್ನು ಬೆಸುಗೆ ಹಾಕಿ ಬಣ್ಣ ಬಳೀತಾನೆ. ಇನ್ಯಾವಳ್ದೋ ಮಗ ಹತ್ತುತಾನೆ. ನಾನು ಮನೆಗೆ ಬರೋಗಂಟ ಅದು ಅಲ್ಲೇ ಇರ್ಲಿ.”

ಬಹಳ ದಿನಗಳ ಮೇಲೆ ಅವರು ಮನೆಗೆ ಬಂದರು. ಕಾಲಿಗೆ ಇನ್ನೂ ಕಟ್ಟು ಇತ್ತು. ಮೊದಲ ಭಾನುವಾರವೇ ಅಂಗಳಕ್ಕೆ ಕುರ್ಚಿ ಹಾಕಿಸಿಕೊಂಡು ಕೂತು, ಮುರಿದ ಫೋರ್ಕನ್ನು ಎದುರಿಗೆ ತರಿಸಿದರು. ಮಗನ ಕೈಗೆ ಗರಗಸ ಕೊಟ್ಟು, “ಕುಯ್ಯಿ” ಎಂದರು. ಅವನು ಕುಯ್ದ. ಕಬ್ಬಿಣದ ಕಿರುಚಾಟಕ್ಕೆ ಹಲ್ಲು ಜುಮ್ಮೆನ್ನುತ್ತಿತ್ತು. ಗೇಣುದ್ದದ ತುಂಡು ಬಿದ್ದರೆ, “ಇನ್ನೂ ಸಣ್ಣಕೆ” ಎಂದರು. ನಮ್ಮವರು ಹೋಗಿ ಇನ್ನೊಂದು ಗರಗಸ ಹಿಡಿದು ಅವನ ಪಕ್ಕದಲ್ಲಿ ಕೂತರು. ಬೆಸುಗೆಯ ಜಾಗ ಬಂದಾಗ ನಮ್ಮವರು ಕೈ ನಿಲ್ಲಿಸಿ, ಅದನ್ನು ಬೆಳಕಿಗೆ ಹಿಡಿದು ನೋಡಿದರು. ಹೊರಗೆ ಕಪ್ಪು ಬಣ್ಣದ ಹೊಳಪು. ಒಳಗೆ ಅರ್ಧ ಸುತ್ತಿನಷ್ಟು ತುಕ್ಕು ಹಿಡಿದ ಹಳೆಯ ಬಿರುಕು. ಕಂಟೋನ್ಮೆಂಟಿನಿಂದ ತಂದ ದಿನವೇ ಅದು ಅಲ್ಲಿತ್ತು. ಅವರು ಅದನ್ನು ಯಾರಿಗೂ ತೋರಿಸದೆ ಮತ್ತೆ ಗರಗಸ ಹಚ್ಚಿದರು. ನನಗೆ ಹೇಳಿದ್ದು ವರ್ಷಗಳ ಮೇಲೆ.

ಗಾಡಿಯನ್ನು ಮಾರಲಿಲ್ಲ. ಹಳೆಯ ಫೋರ್ಕಿಗೆ ಹೊಂದುವ ಸ್ಪ್ರಿಂಗನ್ನು ನಮ್ಮವರು ಎಲ್ಲೆಲ್ಲೋ ಅಲೆದು ಸುತ್ತಿಸಿ ತಂದರು, ಮುಂದಕ್ಕೆ ಹಳೆಯ ಚಕ್ರವೊಂದನ್ನೂ ಹುಡುಕಿದರು. ಮಗ ಅದರಲ್ಲಿ ಆಮೇಲೆ ಎಷ್ಟೋ ವರ್ಷ ಓಡಾಡಿದ, ಮದುವೆಯಾಗಿ ಹೆಂಡತಿಯನ್ನು ಕೂರಿಸಿಕೊಂಡು ತಿರುಗಿದ, ಈಗ ತಾಯಿಯ ಕರ್ಮ ಮಾಡಿದವನೂ ಅವನೇ. ಯಜಮಾನಮ್ಮನ ಕಾಲು ಮಾತ್ರ ಒಂದು ಗುಲಗಂಜಿಯಷ್ಟು ಗಿಡ್ಡವಾಗಿ ಉಳಿಯಿತು. ಮತ್ತೆ ಯಾವ ಹಿಂದಿನ ಸೀಟನ್ನೂ ಅವರಿಗೆ ಹತ್ತಲಾಗಲಿಲ್ಲ.

ಹಳೆಯ ಫೋರ್ಕು ಕೂರಿಸಿ, ಅವನು ಮೊದಲ ಸಲ ಒಬ್ಬನೇ ಹೊರಟ ಬೆಳಿಗ್ಗೆ ನನಗೆ ಚೆನ್ನಾಗಿ ನೆನಪಿದೆ. ಅವರು ತಾವೇ ನಿಂಬೆಹಣ್ಣು ಕೊಟ್ಟರು. ಕೋಲೂರಿಕೊಂಡು ಗೇಟಿನ ತನಕ ಬಂದರು. ನಾನೂ ಪಕ್ಕದಲ್ಲಿ ನಿಂತೆ. ಅವನು ತಿರುಗಿ, “ಹೋಗ್ಬರ್ಲಾ ಅಮ್ಮ?” ಎಂದ. ಅವರು ಕೋಲನ್ನು ಸ್ವಲ್ಪ ಎತ್ತಿದರು, ಅಷ್ಟೆ. ಗಾಡಿ ಬೀದಿಯ ತುದಿಯಲ್ಲಿ ತಿರುಗಿ ಮರೆಯಾಯಿತು. ಸದ್ದು ಇನ್ನೂ ಬರುತ್ತಿತ್ತು. ಏರಿನಲ್ಲಿ ಭಾರವಾಯಿತು, ಆಮೇಲೆ ಸಣ್ಣದಾಯಿತು. ನಾನು ಮಾತಾಡಲು ಬಾಯಿ ತೆರೆದೆ. ಅವರು ಬೆರಳೆತ್ತಿ ತಡೆದರು. ನನಗೆ ಕೇಳುವುದು ನಿಂತ ಮೇಲೂ ಅವರಿಗೆ ಕೇಳುತ್ತಿತ್ತೋ ಏನೋ, ಕತ್ತು ವಾರೆ ಮಾಡಿ ನಿಂತೇ ಇದ್ದರು.

ಕೊನೆಗೆ ನನ್ನ ಕಡೆ ನೋಡದೆಯೇ, “ಒಲೆ ಮೇಲೆ ಏನಿಕ್ಕಿದೀಯೋ ನೋಡು ಹೋಗವ್ವ, ಸೀದ ವಾಸನೆ ಬತ್ತಾ ಅದೆ” ಎಂದರು.

ನಾನು ಓಡಿದೆ. ಬೇಳೆ ತಳ ಹತ್ತಿ ಕಪ್ಪಾಗಿತ್ತು. ಪಾತ್ರೆ ಇಳಿಸಿ, ನೀರು ಹೊಯ್ದು, ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ನೋಡಿದಾಗ ಅವರು ಗೇಟಿನ ಸರಳನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡು ಅಲ್ಲೇ ನಿಂತಿದ್ದರು.